ಕೊಟ್ಟಿಗೆ ಕಾಯುವ ನಾಯಿಯ ಕಾಯಿಲೆಗಳು

ಕೆಲವು ವರ್ಷಗಳ ಹಿಂದಿನ ಮಾತು. ಅಂಕೋಲಾ ತಾಲ್ಲೂಕಿನ ಘಟ್ಟದ ಬುಡದ ಹಳ್ಳಿಯೊಂದರಿಂದ ಮಹಿಳೆಯೊಬ್ಬರು ಬೆರಳಿನ ಮೇಲಿನ ಸಣ್ಣ ಗೀರು ತೋರಿಸಿ ಟಿ.ಟಿ. ಇಂಜೆಕ್ಷನ್ ಹಾಕಿಸಿಕೊಳ್ಳಲು ಬಂದಿದ್ದರು. ಗೀರು ಹೇಗಾಯಿತು ಎಂದು ಕೇಳಿದೆ.

"ನಾಯಿ ಕಚ್ಚಿದ್ದಲ್ಲ ಡಾಕ್ಟ್ರೇ. ಅದರ ಗಂಟಲಲ್ಲಿ ಎಲುಬು ಸಿಕ್ಕಿಕೊಂಡಿತ್ತು. ತೆಗೆಯಲು ಕೈ ಹಾಕಿದಾಗ ಹಲ್ಲು ತಾಗಿತು ಅಷ್ಟೆ."

"ಎಲುಬು ಸಿಕ್ಕಿತೇ ಅಮ್ಮಾ?"

"ಇಲ್ಲ."

ಇನ್ನಷ್ಟು ವಿಚಾರಿಸಿದಾಗ ಸಂಗತಿ ತಿಳಿಯಿತು. ಎರಡು ದಿನದಿಂದ ನಾಯಿ ಗಂಜಿ ಮುಟ್ಟಿರಲಿಲ್ಲ. ಕೆಳದವಡೆ ಜೋತುಬಿದ್ದಿತ್ತು. ಬಾಯಿಯಿಂದ ಜೊಲ್ಲು ಸುರಿಯುತ್ತಿತ್ತು. ಬೊಗಳುವ ದನಿ ಒಡೆದು ಬೇರೆಯೇ ಆಗಿತ್ತು. ಸುಮಾರು ಒಂದೂವರೆ ತಿಂಗಳ ಹಿಂದೆ ಅಡಿಕೆ ತೋಟದಲ್ಲಿ ಅದು ನರಿಯೊಂದಿಗೆ ಕಚ್ಚಾಡಿ ಮೂತಿ ಗಾಯ ಮಾಡಿಕೊಂಡು ಬಂದಿತ್ತು. ನಾಯಿಗೆ ಲಸಿಕೆ ಹಾಕಿಸಿದ್ದಿರಾ ಎಂದರೆ, "ಕೊಟ್ಟಿಗೆ ನಾಯಿಗೆ ಯಾರು ಹಾಕಿಸುತ್ತಾರೆ?" ಎಂಬ ಉತ್ತರ ಬಂತು.

ಆ ನಾಯಿಯ ಗಂಟಲಲ್ಲಿ ಎಲುಬು ಇರಲಿಲ್ಲ. ಇದ್ದದ್ದು ರೇಬೀಸ್. ಮರುದಿನವೇ ಅದು ಸತ್ತಿತು. ಆ ಮನೆಯ ಐವರ ಪೈಕಿ ಮೂವರಿಗೆ ಚಿಕಿತ್ಸೆ ಬೇಕಾಯಿತು. ಒಬ್ಬರು ಈ ಮಹಿಳೆ. ಇನ್ನೊಬ್ಬರು ಒಡೆದ ಅಂಗೈಯಿಂದಲೇ ನಾಯಿಯ ಬಾಯಿಗೆ ಕಷಾಯ ಹೊಯ್ದಿದ್ದ ಅವರ ಯಜಮಾನರು. ಮೂರನೆಯವನು ಅವರ ಮಗ. ಅವನ ಮೊಣಕಾಲಿನ ತರಚು ಗಾಯವನ್ನು ನಾಯಿ ನೆಕ್ಕಿತ್ತು. ಮೂವರೂ ಚುಚ್ಚುಮದ್ದನ್ನು ಪೂರ್ತಿ ಮಾಡಿದರು, ಆರೋಗ್ಯವಾಗಿ ಉಳಿದರು. ಆ ದಿನ ಟಿ.ಟಿ. ಮಾತ್ರ ಹಾಕಿಸಿಕೊಂಡು ಹೊರಟಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಾನು ಪಶುವೈದ್ಯನಲ್ಲ. ಆದರೂ ಈ ವಾರ ನಾಯಿಯ ಕಾಯಿಲೆಗಳ ಬಗ್ಗೆ ಬರೆಯಲು ಕಾರಣ ಇಂಥ ಪ್ರಸಂಗಗಳೇ. ಸೋಫಾದ ಮೇಲೆ ಮಲಗುವ ಪುಟ್ಟ ನಾಯಿಗೆ ವರ್ಷಕ್ಕೆ ನಾಲ್ಕು ಬಾರಿ ವೈದ್ಯರ ಭೇಟಿ ಆಗುತ್ತದೆ. ದನ ಕಾಯುವ ನಾಯಿ ಹಗಲು ಕಾಡಿನಲ್ಲಿ, ರಾತ್ರಿ ಕೊಟ್ಟಿಗೆಯಲ್ಲಿ, ಊಟದ ಹೊತ್ತಿಗೆ ಅಡುಗೆಮನೆಯ ಹಿತ್ತಿಲ ಬಾಗಿಲಲ್ಲಿ ಇರುತ್ತದೆ. ಕಾಡು, ದನ, ಮನೆ ಈ ಮೂರನ್ನೂ ದಿನವೂ ಮುಟ್ಟುವ ಪ್ರಾಣಿ ಅದೊಂದೇ. ಅದರ ಆರೋಗ್ಯ ಕೆಟ್ಟರೆ ಮನೆಯ ಆರೋಗ್ಯವೂ ಕೆಡಬಹುದು. ಹೀಗಿದ್ದೂ ಮನೆಯಲ್ಲಿ ಎಲ್ಲಕ್ಕಿಂತ ಕಡಿಮೆ ಆರೈಕೆ ಪಡೆಯುವ ಪ್ರಾಣಿಯೂ ಅದೇ.

ಕಾವಲು ನಾಯಿ ಎಂದರೆ ಯಾವುದು?

ದನ, ಕುರಿ ಕಾಯಲೆಂದೇ ಬೆಳೆಸಿದ ದೊಡ್ಡ ನಾಯಿ ತಳಿಗಳು ಜಗತ್ತಿನಲ್ಲಿ ಹಲವಿವೆ. ಟರ್ಕಿ ದೇಶದ ಕಂಗಾಲ್, ಇಟಲಿಯ ಮರೆಮ್ಮಾ, ಟಿಬೆಟಿನ ಮಾಸ್ಟಿಫ್, ನಮ್ಮ ಹಿಮಾಚಲದ ಗದ್ದಿ ನಾಯಿ ಇವೆಲ್ಲ ಆ ಜಾತಿಯವು. ಇವು ಹಿಂಡನ್ನು ಅಟ್ಟುವ ನಾಯಿಗಳಲ್ಲ, ಹಿಂಡಿನ ನಡುವೆಯೇ ಬದುಕಿ ಅದನ್ನು ಕಾಯುವ ನಾಯಿಗಳು. ಹಿಮಾಲಯದ ಕುರಿಗಾಹಿಗಳು ಚಿರತೆ ಕುತ್ತಿಗೆ ಹಿಡಿಯದಂತೆ ಅವುಗಳ ಕೊರಳಿಗೆ ಮುಳ್ಳಿನ ಕಬ್ಬಿಣದ ಪಟ್ಟಿ ಕಟ್ಟುತ್ತಾರೆ. ಮುಧೋಳ ನಾಯಿ ನಮ್ಮ ನಾಡಿನ ಹೆಮ್ಮೆಯಾದರೂ ಅದು ಬೇಟೆಯ ನಾಯಿ, ಈ ಗುಂಪಿಗೆ ಸೇರಿದ್ದಲ್ಲ.

ನಮ್ಮ ಕಾರವಾರ, ಅಂಕೋಲಾ ಕಡೆ ಈ ಕೆಲಸ ಮಾಡುವುದು ಹೆಚ್ಚಾಗಿ ಊರ ತಳಿಯ ಗಟ್ಟಿಮುಟ್ಟಾದ ನಾಯಿ, ಇಲ್ಲವೇ ಆಲ್ಸೇಷನ್ ಬೆರಕೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಗೌಳಿಗರ ಎಮ್ಮೆ ದೊಡ್ಡಿಗಳಲ್ಲೂ ನಾಯಿ ಇದ್ದೇ ಇರುತ್ತದೆ. ಪಟ್ಟಣದಲ್ಲಿ ಕೊಂಡ ಭಾರೀ ತಳಿಯ ಮರಿಗಳನ್ನು ತೋಟ ಕಾಯಲು ತರುವವರೂ ಉಂಟು. ತಳಿ ಯಾವುದೇ ಇರಲಿ, ದೇಹ ದೊಡ್ಡದು, ಕೆಲಸ ಕೊಟ್ಟಿಗೆ ಕಾಯುವುದು ಎಂದಾದರೆ ಮುಂದೆ ಹೇಳುವ ಮಾತುಗಳು ಅದಕ್ಕೆ ಅನ್ವಯಿಸುತ್ತವೆ.

ಸೆಕೆಯ ಹೊಡೆತ

ನಾವು ಮೈಯೆಲ್ಲ ಬೆವರಿ ತಣ್ಣಗಾಗುತ್ತೇವೆ. ನಾಯಿಗೆ ಆ ಅನುಕೂಲವಿಲ್ಲ. ಅದರ ಬೆವರು ಗ್ರಂಥಿಗಳು ಮುಖ್ಯವಾಗಿ ಅಂಗಾಲಿನಲ್ಲಿವೆ. ನಾಲಿಗೆ ಹೊರಹಾಕಿ ತೇಕುತ್ತ, ಬಾಯಿಯ ತೇವ ಆವಿಯಾಗಿ ಹೋಗುವಂತೆ ಮಾಡಿಯೇ ಅದು ಮೈ ತಂಪು ಮಾಡಿಕೊಳ್ಳಬೇಕು. ಕರಾವಳಿಯ ಏಪ್ರಿಲ್, ಮೇ ತಿಂಗಳ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ. ಹೀಗಾಗಿ ತೇಕಿದರೂ ಆವಿಯಾಗುವುದು ಕಡಿಮೆ. ದೇಹ ದೊಡ್ಡದಾದಷ್ಟು, ಕೂದಲು ದಟ್ಟವಾದಷ್ಟು ಕಷ್ಟ ಹೆಚ್ಚು. ಚಳಿ ದೇಶದ ತಳಿಯನ್ನು ಕಾರವಾರದ ತಗಡಿನ ಮಾಡಿನ ಕೆಳಗೆ ಕಟ್ಟುವುದು ಅದಕ್ಕೆ ಕೊಡುವ ಶಿಕ್ಷೆಯೇ ಸರಿ.

ನಾಯಿಯ ಸಹಜ ಉಷ್ಣತೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮಗಿಂತ ಸ್ವಲ್ಪ ಹೆಚ್ಚು. ಆದ್ದರಿಂದ ಮೈ ಮುಟ್ಟಿ 'ಜ್ವರ ಬಂದಿದೆ' ಎಂದು ನಿರ್ಧರಿಸಬಾರದು. ಆದರೆ 106 ಡಿಗ್ರಿ ಮುಟ್ಟಿದರೆ ಜೀವಕ್ಕೆ ಅಪಾಯ. ಅತಿಯಾದ ತೇಕು, ಗಾಢ ಕೆಂಪು ವಸಡು, ಅಂಟು ಜೊಲ್ಲು, ತೂರಾಡುವಿಕೆ, ವಾಂತಿ ಇವು ಲಕ್ಷಣಗಳು. ಕೂಡಲೇ ನೆರಳಿಗೆ ತಂದು ಮೈಯೆಲ್ಲ ತಣ್ಣೀರಿನಿಂದ ತೋಯಿಸಿ, ಗಾಳಿ ಬೀಸಿ, ಪಶುವೈದ್ಯರ ಬಳಿ ಒಯ್ಯಿರಿ. ಪ್ರಜ್ಞೆ ತಪ್ಪಿದ ನಾಯಿಯ ಬಾಯಿಗೆ ನೀರು ಹೊಯ್ಯಬಾರದು, ಅದು ಶ್ವಾಸಕೋಶಕ್ಕೆ ಹೋಗುತ್ತದೆ.

ಹೊಟ್ಟೆ ಉಬ್ಬುವಿಕೆ

ಎದೆಗೂಡು ಆಳವಾಗಿರುವ ದೊಡ್ಡ ನಾಯಿಗಳಲ್ಲಿ ಕಾಣುವ ತುರ್ತು ಕಾಯಿಲೆ ಇದು. ದಿನಕ್ಕೊಮ್ಮೆ ದೊಡ್ಡ ಬೋಗುಣಿ ತುಂಬ ಅನ್ನ ಗಬಗಬನೆ ತಿಂದು, ಆ ಕೂಡಲೇ ಓಡಾಡಿದಾಗ ಜಠರ ಗಾಳಿ ತುಂಬಿಕೊಂಡು ಉಬ್ಬಬಹುದು. ಕೆಲವೊಮ್ಮೆ ಜಠರವೇ ತಿರುಚಿಕೊಂಡು ರಕ್ತ ಸಂಚಾರ ನಿಲ್ಲುತ್ತದೆ. ಹೊಟ್ಟೆ ನಗಾರಿಯಂತೆ ಬಿಗಿಯುತ್ತದೆ. ನಾಯಿ ಮತ್ತೆ ಮತ್ತೆ ವಾಂತಿಗೆ ಪ್ರಯತ್ನಿಸುತ್ತದೆ, ಆದರೆ ಏನೂ ಹೊರಬರುವುದಿಲ್ಲ. ನಿಂತಲ್ಲಿ ನಿಲ್ಲದೆ ಚಡಪಡಿಸುತ್ತದೆ. ಇದು ಗಂಟೆಗಳ ಲೆಕ್ಕದಲ್ಲಿ ಸಾಯಿಸುವ ಸ್ಥಿತಿ. ಬೆಳಿಗ್ಗೆ ನೋಡೋಣ ಎಂದು ಮಲಗುವಂತಿಲ್ಲ.

ತಡೆಯುವ ದಾರಿ ಸುಲಭ. ಅದೇ ಆಹಾರವನ್ನು ಎರಡು ಅಥವಾ ಮೂರು ಹೊತ್ತಿಗೆ ಹಂಚಿ ಕೊಡಿ. ಊಟದ ಮೊದಲು ಮತ್ತು ನಂತರ ಒಂದು ಗಂಟೆ ಓಡಿಸಬೇಡಿ. ಎರಡು ನಾಯಿಗಳಿದ್ದರೆ ಬೇರೆ ಬೇರೆ ಕಡೆ ಹಾಕಿ. ಪೈಪೋಟಿಯಿದ್ದಾಗ ನಾಯಿ ಅಗಿಯುವುದಿಲ್ಲ, ನುಂಗುತ್ತದೆ.

ಸೊಂಟ ಮತ್ತು ಕೀಲು

ದೊಡ್ಡ ತಳಿಗಳಲ್ಲಿ ಸೊಂಟದ ಕೀಲು ಸರಿಯಾಗಿ ಕೂಡದೆ ಸಡಿಲವಾಗಿ ಬೆಳೆಯುವ ದೋಷವೊಂದಿದೆ. ಇದು ಬಹುಮಟ್ಟಿಗೆ ವಂಶದಿಂದ ಬರುವಂಥದು. ಮೊಲದಂತೆ ಎರಡೂ ಹಿಂಗಾಲು ಒಟ್ಟಿಗೆ ಎತ್ತಿ ಓಡುವುದು, ಏಳಲು ತಡ ಮಾಡುವುದು, ಮೆಟ್ಟಿಲಿಗೆ ಹಿಂಜರಿಯುವುದು ಲಕ್ಷಣಗಳು. ನಮ್ಮ ತಪ್ಪುಗಳು ಇದನ್ನು ಹೆಚ್ಚಿಸುತ್ತವೆ. ಮರಿ ಬೇಗ ದೊಡ್ಡದಾಗಲಿ ಎಂದು ಅತಿಯಾಗಿ ತಿನ್ನಿಸುವುದು ಒಂದು ತಪ್ಪು. ಎಲುಬು ಗಟ್ಟಿಯಾಗಲಿ ಎಂದು ಕ್ಯಾಲ್ಸಿಯಂ ಟಾನಿಕ್ ಕುಡಿಸುವುದು ಇನ್ನೊಂದು. ದೊಡ್ಡ ತಳಿಯ ಮರಿಯ ದೇಹಕ್ಕೆ ಹೆಚ್ಚಾದ ಕ್ಯಾಲ್ಸಿಯಮ್ಮನ್ನು ಬೇಡವೆನ್ನುವ ಶಕ್ತಿ ಇರುವುದಿಲ್ಲ. ಒಳಗೆ ಹೋದದ್ದು ಸೇರಿಕೊಂಡು ಎಲುಬಿನ ಬೆಳವಣಿಗೆಯನ್ನೇ ಕೆಡಿಸುತ್ತದೆ. ಪಶುವೈದ್ಯರು ಹೇಳದೆ ಟಾನಿಕ್ ಬೇಡ. ಪಕ್ಕೆಲುಬು ಕೈಗೆ ಸಿಗುವಷ್ಟು ತೆಳ್ಳಗೆ, ನಿಧಾನವಾಗಿ ಬೆಳೆದ ಮರಿಯೇ ಮುಂದೆ ಒಳ್ಳೆಯ ಕಾವಲುಗಾರ.

ಬರೀ ಗಂಜಿ ಮತ್ತು ಅನ್ನದಿಂದಲೂ ನಾಯಿ ಬದುಕೀತು, ಬಲಿಯದು. ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಬೇಯಿಸಿದ ಮೀನು, ಬೇಳೆ ಸೇರಿಸಿ. ಈರುಳ್ಳಿ ಹಾಕಿದ ಸಾರು, ಪಲ್ಯ ಮಾತ್ರ ಬೇಡ. ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆ ತರುತ್ತದೆ.

ಮಳೆಗಾಲದ ಚರ್ಮ, ಹುಳು ಬಿದ್ದ ಗಾಯ

ನಮ್ಮಲ್ಲಿ ಮಳೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಟ್ಟಿಗೆ ನಾಯಿಯ ಮೈ ಒಣಗುವುದೇ ಇಲ್ಲ. ದಟ್ಟ ಕೂದಲಿನ ಅಡಿಯಲ್ಲಿ ಚರ್ಮ ಕೆಂಪಾಗಿ ಕೀವಾಗುತ್ತದೆ, ಶಿಲೀಂಧ್ರ ಬೆಳೆಯುತ್ತದೆ. ಕಿವಿ ಜೋತುಬಿದ್ದ ನಾಯಿಗಳಿಗೆ ಕಿವಿ ಸೋರುತ್ತದೆ. ಕಜ್ಜಿಯ ಹೇನು ಹತ್ತಿದರೆ ಕೂದಲು ಉದುರಿ, ನಾಯಿ ಹಗಲಿರುಳು ಕೆರೆದುಕೊಳ್ಳುತ್ತದೆ. ನಾಯಿಯ ಕಜ್ಜಿ ಅದನ್ನು ಅಪ್ಪಿಕೊಳ್ಳುವ ಮಕ್ಕಳ ತೋಳು, ಹೊಟ್ಟೆಯ ಮೇಲೆ ಕೆಲವು ವಾರ ತುರಿಕೆಯ ಗುಳ್ಳೆ ಎಬ್ಬಿಸುತ್ತದೆ. ನಾಯಿಗೆ ಚಿಕಿತ್ಸೆಯಾಗದೆ ಮಗುವಿಗೆ ಮಾತ್ರ ಮುಲಾಮು ಹಚ್ಚಿದರೆ ತುರಿಕೆ ಮತ್ತೆ ಮತ್ತೆ ಬರುತ್ತದೆ.

ಹಂದಿಯ ಕೋರೆ, ಚಿರತೆಯ ಉಗುರು, ಬೇಲಿಯ ತಂತಿ ಇವುಗಳಿಂದಾದ ಗಾಯದಲ್ಲಿ ನೊಣ ಮೊಟ್ಟೆಯಿಟ್ಟು ಒಂದೆರಡು ದಿನದಲ್ಲಿ ಹುಳು ಬೀಳುತ್ತದೆ. ಇದಕ್ಕೆ ಫಿನೈಲ್, ಸೀಮೆಎಣ್ಣೆ, ತೋಟಕ್ಕೆ ಹೊಡೆಯುವ ಕೀಟನಾಶಕದ ಪುಡಿ ಹಾಕುವ ಪದ್ಧತಿ ಇದೆ. ನಾಯಿ ಗಾಯವನ್ನು ನೆಕ್ಕುತ್ತದೆ, ವಿಷ ಹೊಟ್ಟೆಗೆ ಹೋಗುತ್ತದೆ. ಉಪ್ಪು ಬೆರೆಸಿದ ಉಗುರುಬೆಚ್ಚಗಿನ ನೀರಿನಿಂದ ತೊಳೆದು ಪಶು ಆಸ್ಪತ್ರೆಗೆ ಒಯ್ಯಿರಿ. ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಹಾಕಿಕೊಂಡು ಗಾಯ ಮುಟ್ಟಿ. ಆ ಗಾಯ ಮಾಡಿದ ಪ್ರಾಣಿಯ ಜೊಲ್ಲು ಅಲ್ಲಿರಬಹುದು ಎಂಬುದನ್ನು ಮರೆಯಬೇಡಿ.

ಉಣುಗು: ಚಿಕ್ಕದು, ಕೇಡು ದೊಡ್ಡದು

ಉಣುಗು ಅಥವಾ ಉಣ್ಣೆ ರಕ್ತ ಹೀರುವುದಷ್ಟೇ ಅಲ್ಲ, ರೋಗಾಣುಗಳನ್ನೂ ನಾಯಿಯ ರಕ್ತಕ್ಕೆ ಸೇರಿಸುತ್ತದೆ. ಎರ್ಲಿಕಿಯಾ, ಬೆಬೀಸಿಯಾ ಎಂಬವು ಇವುಗಳಲ್ಲಿ ಮುಖ್ಯ. ನಾಯಿ ಊಟ ಬಿಡುತ್ತದೆ, ಜ್ವರ ಬರುತ್ತದೆ, ವಸಡು ಬಿಳಿಚುತ್ತದೆ. ಮೂಗಿನಿಂದ ರಕ್ತ ಸುರಿಯಬಹುದು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಬಹುದು. ಬೇಗ ಗುರುತಿಸಿದರೆ ಒಳ್ಳೆಯ ಔಷಧಿಗಳಿವೆ. ತಡವಾದರೆ ಬಲಿಷ್ಠ ನಾಯಿಯೂ ಕೆಲವೇ ವಾರಗಳಲ್ಲಿ ಎಲುಬಿನ ಗೂಡಾಗುತ್ತದೆ.

ನಾಯಿಯ ಉಣುಗಿನಿಂದ ಮನುಷ್ಯರಿಗೂ ಒಂದು ಬಗೆಯ ಟೈಫಸ್ ಜ್ವರ ಬರುತ್ತದೆ. ಜ್ವರದ ಜೊತೆಗೆ ತಲೆನೋವು, ಅಂಗೈ ಅಂಗಾಲುಗಳನ್ನೂ ಬಿಡದ ಕೆಂಪು ಗುಳ್ಳೆ ಇದ್ದರೆ "ನಮ್ಮ ನಾಯಿಗೆ ಉಣುಗಿದೆ" ಎಂದು ವೈದ್ಯರಿಗೆ ತಪ್ಪದೆ ಹೇಳಿ. ಆ ಒಂದು ಮಾತು ಸರಿಯಾದ ಔಷಧಿಗೆ ದಾರಿ ತೋರಿಸುತ್ತದೆ.

ಮಂಗನ ಕಾಯಿಲೆಯ ಬಗ್ಗೆಯೂ ಹಲವರು ಕೇಳುತ್ತಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ನಮ್ಮ ಜಿಲ್ಲೆಯ ಹೊನ್ನಾವರ, ಸಿದ್ದಾಪುರಗಳಲ್ಲಿಯೂ ಜೀವ ತೆಗೆದಿದೆ. ಅದನ್ನು ಹರಡುವ ಕಾಡಿನ ಉಣುಗು ಬೇರೆ, ನಾಯಿಯ ಕಿವಿಯಲ್ಲಿ ಗೊಂಚಲಾಗಿ ಕೂರುವ ಕಂದು ಉಣುಗು ಬೇರೆ. ಆದರೆ ಬೇಸಿಗೆಯಲ್ಲಿ ತರಗೆಲೆಯ ಮೇಲೆ ಸುತ್ತಿ ಬಂದ ದನ ಮತ್ತು ನಾಯಿಯ ಮೈಗೆ ಕಾಡಿನ ಉಣುಗು ಅಂಟಿಕೊಂಡು ಅಂಗಳಕ್ಕೆ ಬರಬಹುದು. ಸಂಜೆ ಹಿಂದಿರುಗಿದ ನಾಯಿಯ ಕಿವಿ, ಕಂಕುಳು, ಕಾಲ್ಬೆರಳ ಸಂದು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಉಣುಗನ್ನು ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ ಎಳೆದು ಸೋಪಿನ ನೀರಿಗೆ ಹಾಕಿ. ಉಗುರಿನಿಂದ ಹಿಸುಕಬೇಡಿ, ಬೆಂಕಿ ತಾಗಿಸಬೇಡಿ.

ದನಕ್ಕೆ ತಂದ ಉಣುಗಿನ ಔಷಧಿಯನ್ನು ಅಂದಾಜಿನ ಮೇಲೆ ನಾಯಿಗೆ ಹಚ್ಚುವುದು ಅಪಾಯ. ದನಕ್ಕೆ ಕೊಡುವ ಐವರ್ಮೆಕ್ಟಿನ್ ಇಂಜೆಕ್ಷನ್ ಕೋಲಿಯಂಥ ಕೆಲವು ಕುರಿ ನಾಯಿ ತಳಿಗಳ ಮತ್ತು ಅವುಗಳ ಬೆರಕೆಗಳ ಮೆದುಳಿಗೆ ಸೇರಿ ಸಾವನ್ನೇ ತರಬಹುದು. ನಾಯಿಯ ತೂಕಕ್ಕೆ ತಕ್ಕ ಔಷಧಿಯನ್ನು ಪಶುವೈದ್ಯರೇ ಹೇಳಲಿ.

ಹೊಟ್ಟೆಯ ಹುಳುಗಳು

ಮರಿಗಳಿಗೆ ದುಂಡುಹುಳು ತಾಯಿಯ ಗರ್ಭದಲ್ಲೇ ಬರುತ್ತದೆ, ಕೊಕ್ಕೆಹುಳು ತಾಯಿಯ ಹಾಲಿನಲ್ಲಿ ಬರುತ್ತದೆ. ಹೊಟ್ಟೆ ಡೊಳ್ಳು, ಮೈ ಬಡಕಲು ಆದ ಮರಿಯನ್ನು ನೀವೆಲ್ಲ ನೋಡಿದ್ದೀರಿ. ಕೊಕ್ಕೆಹುಳು ರಕ್ತ ಹೀರಿ ಮರಿಯನ್ನು ಕೊಲ್ಲಬಲ್ಲದು. ಅದರ ಮರಿಹುಳುಗಳು ತೇವದ ಮರಳಿನಲ್ಲಿ ಬದುಕಿದ್ದು, ಬರಿಗಾಲಿನಲ್ಲಿ ನಡೆಯುವವರ ಚರ್ಮಕ್ಕೆ ಹೊಕ್ಕುತ್ತವೆ. ಕಡಲ ದಂಡೆಯಲ್ಲಿ ಆಡಿದ ಮಕ್ಕಳ ಪಾದದಲ್ಲಿ ಹಾವಿನಂತೆ ಸುತ್ತಿ ಸುತ್ತಿ ಸಾಗುವ ಕೆಂಪು ತುರಿಕೆಯ ಗೆರೆ ಇದರಿಂದಲೇ ಆಗುವಂಥದು.

ಕೊಟ್ಟಿಗೆ ನಾಯಿಯಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಅಕ್ಕಿಕಾಳಿನಷ್ಟೇ ಉದ್ದದ ಒಂದು ಪುಟ್ಟ ಲಾಡಿಹುಳು. ಇದರ ಗುಳ್ಳೆಗಳು ಕುರಿ, ಮೇಕೆ, ದನಗಳ ಯಕೃತ್ತು, ಶ್ವಾಸಕೋಶಗಳಲ್ಲಿ ಇರುತ್ತವೆ. ಜಾತ್ರೆಯ ಸಮಯದಲ್ಲಿ ಕುರಿ ಕಡಿದು, ಬೇಡವಾದ ಹಸಿ ಭಾಗಗಳನ್ನು ನಾಯಿಗೆ ಎಸೆದರೆ ಹುಳು ನಾಯಿಯ ಕರುಳಿನಲ್ಲಿ ಬೆಳೆಯುತ್ತದೆ. ನಾಯಿಗೆ ಏನೂ ತೊಂದರೆ ಕಾಣುವುದಿಲ್ಲ. ಕಣ್ಣಿಗೆ ಕಾಣದ ಮೊಟ್ಟೆಗಳು ಮಾತ್ರ ಅದರ ಮಲದಲ್ಲಿ ಹೊರಬಂದು ಕೂದಲು, ಹುಲ್ಲು, ತರಕಾರಿಗೆ ಅಂಟುತ್ತವೆ. ನಾಯಿಯ ಮೈ ಸವರಿದ ಕೈಯಲ್ಲೇ ಊಟ ಮಾಡಿದವರ ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ ನೀರಿನ ಗುಳ್ಳೆ ಹುಟ್ಟಿ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಇದೇ ಹೈಡಾಟಿಡ್ ರೋಗ. ಬೇರೆ ಕಾರಣಕ್ಕೆ ಸ್ಕ್ಯಾನಿಂಗ್ ಮಾಡಿಸಿದಾಗ ಗುಳ್ಳೆ ಕಂಡು ಗಾಬರಿಯಾಗುವವರುಂಟು. ಹಲವರಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ತಡೆಯುವುದು ನಮ್ಮ ಕೈಯಲ್ಲಿದೆ. ಹಸಿ ಮಾಂಸ, ಯಕೃತ್ತು, ಶ್ವಾಸಕೋಶಗಳನ್ನು ನಾಯಿಗೆ ಹಾಕಬೇಡಿ, ಚೆನ್ನಾಗಿ ಬೇಯಿಸಿ ಹಾಕಿ. ಜಂತುಹುಳುವಿನ ಎಲ್ಲ ಔಷಧಿಯೂ ಈ ಲಾಡಿಹುಳುವನ್ನು ಕೊಲ್ಲುವುದಿಲ್ಲ, ಪ್ರಾಜಿಕ್ವಾಂಟೆಲ್ ಇರುವ ಮಾತ್ರೆಯನ್ನೇ ಕೇಳಿ ಪಡೆಯಿರಿ. ಹಸು ಕರು ಹಾಕಿದಾಗ ಬಿದ್ದ ಮಾಸು, ಕಂದು ಹಾಕಿದ ಕರು ನಾಯಿಗೆ ಸಿಗದಂತೆ ಆಳವಾಗಿ ಹೂಳಿ. ಅವುಗಳಿಂದ ಬ್ರುಸೆಲ್ಲಾ ರೋಗ ನಾಯಿಗೂ ಮನೆಯವರಿಗೂ ತಗಲಬಹುದು. ಸತ್ತ ದನವನ್ನು ಬಯಲಿಗೆ ಎಸೆಯುವ ಪದ್ಧತಿಯೂ ನಿಲ್ಲಬೇಕು. ಹಿಂದೆ ರಣಹದ್ದುಗಳು ಅದನ್ನು ಶುಚಿ ಮಾಡುತ್ತಿದ್ದವು. ದನಗಳಿಗೆ ಕೊಟ್ಟ ಡೈಕ್ಲೋಫಿನಾಕ್ ಎಂಬ ನೋವಿನ ಔಷಧಿಯೇ ಅವಕ್ಕೆ ವಿಷವಾಯಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸುವಷ್ಟರಲ್ಲಿ ರಣಹದ್ದುಗಳು ಬಹುಪಾಲು ಅಳಿದಿದ್ದವು. ಈಗ ಆ ಹೆಣಗಳು ನಾಯಿಗಳ ಪಾಲಾಗುತ್ತಿವೆ.

ಇಲಿ ಜ್ವರ

ಹುಲ್ಲು, ಹಿಂಡಿ ಇರುವಲ್ಲಿ ಇಲಿ ಇರುತ್ತದೆ. ಇಲಿಯ ಮೂತ್ರ ಬೆರೆತ ಕೆಸರು ನೀರಿನಿಂದ ಲೆಪ್ಟೊಸ್ಪೈರಾ ರೋಗಾಣು ನಾಯಿಗೂ ದನಕ್ಕೂ ನಮಗೂ ತಗಲುತ್ತದೆ. ನಾಯಿಗೆ ಜ್ವರ, ವಾಂತಿ, ಕಣ್ಣು ಮತ್ತು ವಸಡು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು ಕಾಣುತ್ತದೆ. ಸೋಂಕು ತಗಲಿದ ನಾಯಿಯ ಮೂತ್ರದಿಂದ ಮತ್ತೆ ಕೊಟ್ಟಿಗೆಯ ನೆಲ ಕೆಡುತ್ತದೆ. ಮಳೆಗಾಲದಲ್ಲಿ ನಿಮಗೆ ಜ್ವರದೊಂದಿಗೆ ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪು ಇದ್ದರೆ ಎರಡು ದಿನ ಕಾಯದೆ ವೈದ್ಯರನ್ನು ಕಾಣಿರಿ. ಕಾಲಿನಲ್ಲಿ ಗಾಯವಿರುವವರು ಬರಿಗಾಲಿನಲ್ಲಿ ಕೊಟ್ಟಿಗೆ ತೊಳೆಯಬಾರದು.

ಮರೆಯಬಾರದ ರೋಗ

ಈಗ ಆರಂಭದ ಮಾತಿಗೆ ಬರೋಣ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಗೂ ಮನುಷ್ಯನಿಗೂ ಉಳಿವಿಲ್ಲ ಎಂದೇ ತಿಳಿಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆ. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ನೂರಕ್ಕೆ 99 ಪಾಲು ನಾಯಿಯಿಂದಲೇ ಬರುವಂಥದು.

ಹುಚ್ಚುನಾಯಿ ಎಂದರೆ ಕಂಡಕಂಡವರನ್ನು ಕಚ್ಚುತ್ತ ಓಡುವ ನಾಯಿ ಎಂದೇ ಜನ ತಿಳಿದಿದ್ದಾರೆ. ಅದು ಒಂದು ರೂಪ ಮಾತ್ರ. ಇನ್ನೊಂದು ಮೂಕ ರೂಪ. ನಾಯಿ ಮೂಲೆ ಹಿಡಿದು ಮಂಕಾಗಿ ಕೂರುತ್ತದೆ. ದವಡೆಯ ಸ್ನಾಯುಗಳು ಸೋತು ಬಾಯಿ ತೆರೆದೇ ಇರುತ್ತದೆ. ನುಂಗಲಾಗದೆ ಜೊಲ್ಲು ಸುರಿಯುತ್ತದೆ. ನೋಡಿದವರಿಗೆ ಗಂಟಲಲ್ಲಿ ಏನೋ ಸಿಕ್ಕಿದಂತೆಯೇ ಕಾಣುತ್ತದೆ. ಆದ್ದರಿಂದ ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ಜೊಲ್ಲು ಸುರಿಸುತ್ತ, ದವಡೆ ಜೋತುಬಿಟ್ಟ ನಾಯಿಯ ಬಾಯಿಗೆ ಎಂದೂ ಬರಿಗೈ ಹಾಕಬೇಡಿ. ಅದನ್ನು ಕೋಣೆಯೊಂದರಲ್ಲಿ ಕೂಡಿಹಾಕಿ ಪಶುವೈದ್ಯರಿಗೆ ತಿಳಿಸಿ. ಬಾಯಿ ತೆರೆದೇ ಇರುವ, ಜೊಲ್ಲು ಸುರಿಸುವ ಹಸುವಿನ ವಿಷಯದಲ್ಲೂ ಇದೇ ಎಚ್ಚರ ಇರಲಿ.

ಕಚ್ಚಿದರೆ, ಪರಚಿದರೆ, ಅಥವಾ ಗಾಯದ ಮೇಲೆ ನೆಕ್ಕಿದರೆ ಮೊದಲು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ವೈರಾಣುವಿನ ಹೊರಪದರ ಸೋಪಿಗೆ ಕರಗುತ್ತದೆ. ಮೆಣಸಿನ ಪುಡಿ, ಸುಣ್ಣ, ಕಾಫಿ ಪುಡಿ, ಎಲೆಯ ರಸ ಯಾವುದೂ ಬೇಡ, ಕಟ್ಟು ಬಿಗಿಯುವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಲಸಿಕೆಯನ್ನು ಉಚಿತವಾಗಿ ಹಾಕುತ್ತಾರೆ. ಹೊಕ್ಕುಳ ಸುತ್ತ 14 ಸೂಜಿ ಚುಚ್ಚುವ ಕಾಲ ಹೋಗಿ ಬಹಳ ವರ್ಷಗಳಾದವು. ಈಗ ತೋಳಿಗೆ ಹಾಕುತ್ತಾರೆ. ಚರ್ಮದೊಳಗೆ ಹಾಕುವ ಕ್ರಮದಲ್ಲಿ 0, 3, 7 ಮತ್ತು 28ನೆಯ ದಿನ, ಸ್ನಾಯುವಿಗೆ ಹಾಕುವುದಾದರೆ 14ನೆಯ ದಿನವೂ ಸೇರಿ ಐದು ಬಾರಿ. ರಕ್ತ ಬಂದ ಗಾಯವಾಗಿದ್ದರೆ, ಅಥವಾ ಜೊಲ್ಲು ಗಾಯಕ್ಕೆ ತಗಲಿದ್ದರೆ, ಇದರ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿವಿಷವನ್ನೂ ಹಾಕಬೇಕು. ಲಸಿಕೆ ಕೆಲಸ ಆರಂಭಿಸಲು ದಿನಗಳು ಬೇಕು, ಆವರೆಗಿನ ರಕ್ಷಣೆ ಇದರಿಂದ ಸಿಗುತ್ತದೆ.

ಕಚ್ಚಿದ ನಾಯಿಯನ್ನು 10 ದಿನ ಕಟ್ಟಿ ನೋಡಿ ಎನ್ನುತ್ತಾರಲ್ಲ, ಅದರ ಅರ್ಥ 10 ದಿನ ಕಾದು ಲಸಿಕೆ ಹಾಕಿಸಿ ಎಂದಲ್ಲ. ಲಸಿಕೆ ಅಂದೇ ಆರಂಭಿಸಬೇಕು. ನಾಯಿ 10 ದಿನವೂ ಆರೋಗ್ಯವಾಗಿದ್ದರೆ ಮುಂದಿನದನ್ನು ವೈದ್ಯರು ತೀರ್ಮಾನಿಸುತ್ತಾರೆ.

ಹಾಲು ಕುಡಿದವರ ಭಯ

ರೇಬೀಸ್ ಬಂದ ಹಸುವಿನ ಹಾಲು ಕುಡಿದೆವು ಎಂದು ಇಡೀ ಕೇರಿಯೇ ಆಸ್ಪತ್ರೆಗೆ ಬರುವುದುಂಟು. ಕುದಿಸಿದ ಹಾಲಿನಿಂದ, ಅದರ ಚಹಾದಿಂದ ರೇಬೀಸ್ ಬರುವುದಿಲ್ಲ. ಕಾಯಿಸಿದರೆ ಈ ವೈರಾಣು ಉಳಿಯುವುದಿಲ್ಲ. ಆದರೂ ರೋಗ ಬಂದ ಹಸುವಿನ ಹಾಲನ್ನು ಬಳಸದೆ ಚೆಲ್ಲಬೇಕು. ಹಸಿ ಹಾಲು ಕುಡಿದವರು ವೈದ್ಯರಿಗೆ ತಿಳಿಸಲಿ. ನಿಜವಾದ ಅಪಾಯ ಇರುವುದು ಆ ಹಸುವಿನ ಬಾಯಿಗೆ ಕೈ ಹಾಕಿ ಔಷಧಿ ಕುಡಿಸಿದವರಿಗೆ. ಅವರಿಗೆ ಲಸಿಕೆ ಬೇಕೇ ಬೇಕು. ನಾಯಿ ಕಚ್ಚಿದ ದನ, ಕರುಗಳಿಗೂ ಕಚ್ಚಿದ ಕೂಡಲೇ ಗಾಯ ತೊಳೆದು ಲಸಿಕೆ ಹಾಕಿಸಲು ಅವಕಾಶವಿದೆ. ಪಶುವೈದ್ಯರನ್ನು ಕೇಳಿ.

ಮನುಷ್ಯರ ಮಾತ್ರೆ ಬೇಡ

"ನಾಯಿ ಕುಂಟುತ್ತಿದೆ, ಒಂದು ನೋವಿನ ಮಾತ್ರೆ ಬರೆದುಕೊಡಿ" ಎಂದು ನನ್ನನ್ನೂ ಕೇಳುವವರಿದ್ದಾರೆ. ನಾನು ಬರೆದುಕೊಡುವುದಿಲ್ಲ. ಐಬುಪ್ರೊಫೆನ್, ಡೈಕ್ಲೋಫಿನಾಕ್ ನಾಯಿಯ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಹೆಚ್ಚಾದರೆ ಯಕೃತ್ತಿಗೆ ಪೆಟ್ಟು. ನಾಯಿ ದೊಡ್ಡದಿದೆಯೆಂದು ಅದು ಮನುಷ್ಯನಾಗುವುದಿಲ್ಲ.

ವರ್ಷದ ಲೆಕ್ಕ

ಗೋಡೆಯ ಕ್ಯಾಲೆಂಡರಿನಲ್ಲಿ ಮಕ್ಕಳ ಕೈಯಿಂದಲೇ ಇವನ್ನು ಗುರುತು ಹಾಕಿಸಿ:

1. ಮರಿಗೆ 6ರಿಂದ 8 ವಾರವಾದಾಗ ಡಿಸ್ಟೆಂಪರ್, ಪಾರ್ವೊ ರೋಗಗಳ ಲಸಿಕೆ ಆರಂಭಿಸಿ. 16 ವಾರದವರೆಗೆ 3-4 ವಾರಕ್ಕೊಮ್ಮೆ ಮುಂದುವರಿಸಿ. ಇಲಿ ಜ್ವರದ ಲಸಿಕೆಯನ್ನೂ ಸೇರಿಸಲು ಕೇಳಿ.

2. 3 ತಿಂಗಳಿಗೆ ರೇಬೀಸ್ ಲಸಿಕೆ, ಸುಮಾರು ಒಂದು ತಿಂಗಳ ನಂತರ ಇನ್ನೊಂದು, ಆಮೇಲೆ ಪ್ರತಿ ವರ್ಷ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ವಾರವನ್ನೇ ನಿಗದಿ ಮಾಡಿಕೊಂಡರೆ ಮರೆಯುವುದಿಲ್ಲ.

3. ಮರಿಗೆ ಎರಡು ವಾರಕ್ಕೊಮ್ಮೆ, ದೊಡ್ಡದಾದ ಮೇಲೆ 3 ತಿಂಗಳಿಗೊಮ್ಮೆ ಜಂತುಹುಳುವಿನ ಔಷಧಿ. ಹಸಿ ಮಾಂಸ ಸಿಗುವ ನಾಯಿಗೆ ಆರೇಳು ವಾರಕ್ಕೊಮ್ಮೆ ಬೇಕಾಗಬಹುದು.

4. ಡಿಸೆಂಬರ್‌ನಿಂದ ಮೇವರೆಗೆ ದಿನವೂ ಉಣುಗು ನೋಡಿ. ಮಳೆಗೆ ಮೊದಲು ನಾಯಿಗೆ ಒಣ ಜಾಗ, ಎತ್ತರದ ಹಲಗೆ ಮಾಡಿ.

5. ನಾಯಿ ಮುಟ್ಟಿದ ಮೇಲೆ, ಊಟಕ್ಕೆ ಮೊದಲು ಮಕ್ಕಳು ಸೋಪಿನಿಂದ ಕೈ ತೊಳೆಯಲಿ.

ಆ ಅಂಕೋಲಾದ ಮನೆಯವರು ಕೊನೆಯ ಚುಚ್ಚುಮದ್ದಿನ ದಿನ ಒಂದು ಪ್ರಶ್ನೆ ಕೇಳಿದರು. "ಇನ್ನು ನಾಯಿ ಸಾಕುವುದೇ ಬೇಡವೇ ಡಾಕ್ಟ್ರೇ?" ಸಾಕಿ ಎಂದೆ. ಚಿರತೆ ಓಡಾಡುವ ಊರಿನಲ್ಲಿ ನಾಯಿಯಿಲ್ಲದೆ ಕೊಟ್ಟಿಗೆ ನಡೆಯುವುದಿಲ್ಲ ಎಂದು ನನಗೂ ಗೊತ್ತು. ಮುಂದಿನ ವರ್ಷ ಅವರ ಮಗ ಜ್ವರಕ್ಕೆ ಔಷಧಿ ಕೇಳಲು ಬಂದಾಗ ಅಂಗಿಯ ಜೇಬಿನಿಂದ ಮಡಿಸಿದ ಚೀಟಿಯೊಂದನ್ನು ತೆಗೆದು ತೋರಿಸಿದ. ಅದು ಅವನ ಚೀಟಿಯಲ್ಲ. ಹೊಸ ನಾಯಿಮರಿಯ ಲಸಿಕೆಯ ಚೀಟಿ. ಎರಡೂ ರೇಬೀಸ್ ಲಸಿಕೆಗಳ ಮುಂದೆ ಪಶುವೈದ್ಯರ ಸಹಿ ಇತ್ತು.